ಲ್ಯಾಪ್‌ಟಾಪ್ ಬ್ಯಾಟರಿಗೆ ಇನ್ವರ್ಟರ್‌ನ ನಿಯಮ ಸಲ್ಲದು

ಹೊಳಲ್ಕೆರೆಯ ಒಂದು ಅಡಿಕೆ ಮಂಡಿಯನ್ನು ಊಹಿಸಿಕೊಳ್ಳೋಣ. ಲಾರಿಗೆ ಸರಕು ತುಂಬಿ ಆಗಿದೆ; ಚಾಲಕನು ಇ-ವೇ ಬಿಲ್ಲಿಗಾಗಿ ಕಾಯುತ್ತಿದ್ದಾನೆ. ಅಷ್ಟರಲ್ಲಿ ವಿದ್ಯುತ್ ಹೋಗುತ್ತದೆ. ಲ್ಯಾಪ್‌ಟಾಪ್ ಪರದೆಯ ಮೂಲೆಯಲ್ಲಿ ಬ್ಯಾಟರಿ ಶೇ. 100 ಎಂದು ತೋರಿಸುತ್ತಿದ್ದರೂ ಹತ್ತೇ ನಿಮಿಷಗಳಲ್ಲಿ ಯಂತ್ರವು ತಾನಾಗಿ ನಿಂತುಹೋಗುತ್ತದೆ. 50,000 ರೂ. ಮೀರಿದ ಸರಕು ಬಿಲ್ಲಿಲ್ಲದೆ ಹೊರಡುವಂತಿಲ್ಲ. ಇದೇ ಪ್ರಸಂಗವು ತಿಂಗಳ 20ನೇ ತಾರೀಖಿನ ಸಂಜೆ ಎದುರಾದರೆ, ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸುವ ವರ್ತಕರಿಗೆ ದಿನಕ್ಕೆ 50 ರೂ. ವಿಳಂಬ ಶುಲ್ಕವೂ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಬೀಳುತ್ತದೆ.

ಇಂತಹ ಸಂದರ್ಭದಲ್ಲಿ ತಯಾರಕರನ್ನು ದೂರುವುದು ರೂಢಿ. ಆದರೆ ಬಹುಪಾಲು ಬ್ಯಾಟರಿಗಳು ಬೇಗ ಸೊರಗುವುದಕ್ಕೆ ನಮ್ಮ ಬಳಕೆಯೇ ಕಾರಣವಾಗಿರುತ್ತದೆ. ನಮಗೆ ಚಿರಪರಿಚಿತವಾದದ್ದು ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿ. ಅದನ್ನು ಸದಾ ತುಂಬಿಸಿಟ್ಟಿರಬೇಕು; ಬರಿದಾಗಿ ಬಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿ ಬ್ಯಾಟರಿ ಹಾಳಾಗುತ್ತದೆ. ಹಿಂದೆ ಬಳಕೆಯಲ್ಲಿದ್ದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಆಗಾಗ ಪೂರ್ತಿ ಖಾಲಿ ಮಾಡಬೇಕೆಂಬ ಸಲಹೆಯಿತ್ತು. ಇವೆರಡೂ ಆಯಾ ಬ್ಯಾಟರಿಗೆ ಸರಿಯಾದ ಮಾತುಗಳೇ. ಆದರೆ 1991ರಲ್ಲಿ ಸೋನಿ ಸಂಸ್ಥೆಯು ಮಾರುಕಟ್ಟೆಗೆ ತಂದ, ಇಂದಿನ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿಗೆ ಇವೆರಡೂ ಹಿತವಲ್ಲ. ಅದಕ್ಕೆ ತುಂಬಿ ತುಳುಕುವುದೂ ಬೇಡ, ಬರಿದಾಗುವುದೂ ಬೇಡ.

ಕಾರಣ ಹೀಗಿದೆ. ಪೂರ್ಣ ಚಾರ್ಜ್ ಆದ ಲಿಥಿಯಂ ಕೋಶದ ವೋಲ್ಟೇಜ್ ಸಾಮಾನ್ಯವಾಗಿ 4.2 ಇರುತ್ತದೆ. ಈ ಮಟ್ಟದಲ್ಲಿ ಕೋಶದೊಳಗಿನ ದ್ರಾವಣವು ವಿದ್ಯುದ್ವಾರಗಳೊಡನೆ ನಿಧಾನವಾಗಿ ವರ್ತಿಸಿ, ಅವುಗಳ ಮೇಲೆ ಪದರವೊಂದು ದಪ್ಪಗಾಗುತ್ತಾ ಹೋಗುತ್ತದೆ. ಅದರಲ್ಲಿ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಉಷ್ಣತೆ ಏರಿದಂತೆ ಈ ಕ್ರಿಯೆಯು ಚುರುಕಾಗುತ್ತದೆ. ಬ್ಯಾಟರಿ ತಜ್ಞರು ಸಾಮಾನ್ಯವಾಗಿ ಹೇಳುವ ಲೆಕ್ಕದಂತೆ, ಶೇ. 40 ಚಾರ್ಜ್‌ನಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಬ್ಯಾಟರಿಯು ಒಂದು ವರ್ಷದ ನಂತರವೂ ಸುಮಾರು ಶೇ. 96ರಷ್ಟು ಸಾಮರ್ಥ್ಯ ಉಳಿಸಿಕೊಂಡಿರುತ್ತದೆ. ಪೂರ್ಣ ಚಾರ್ಜ್‌ನಲ್ಲಿ 40 ಡಿಗ್ರಿಯಲ್ಲಿಟ್ಟರೆ ಉಳಿಯುವುದು ಸುಮಾರು ಶೇ. 65 ಮಾತ್ರ. ಏಪ್ರಿಲ್ ತಿಂಗಳಲ್ಲಿ ಹಿರಿಯೂರಿನ ತಗಡಿನ ಛಾವಣಿಯ ಅಂಗಡಿಯೊಂದರಲ್ಲಿ ದಿನವಿಡೀ ಪ್ಲಗ್‌ಗೆ ಸಿಕ್ಕಿಸಿಟ್ಟ ಲ್ಯಾಪ್‌ಟಾಪ್ ಇರುವುದು ಈ ಎರಡನೆಯ ಸ್ಥಿತಿಯಲ್ಲಿ. ಮಾರುಕಟ್ಟೆ ಪ್ರಾಂಗಣದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟುಹೋಗುವುದಂತೂ ಇನ್ನೂ ಕೆಟ್ಟದ್ದು.

ಹಾಗಾದರೆ ಪರದೆಯ ಮೇಲೆ ಕಂಡ ಶೇ. 100 ಸುಳ್ಳೇ? ಸುಳ್ಳಲ್ಲ. ಹೂಳು ತುಂಬಿದ ಕೆರೆಯೂ ಕೋಡಿ ಬೀಳುತ್ತದೆ, ಆದರೆ ಅದರಲ್ಲಿರುವ ನೀರು ಮೊದಲಿನಷ್ಟಿರುವುದಿಲ್ಲ. ಪರದೆಯು ತೋರಿಸುವುದು ಮಟ್ಟವನ್ನೇ ಹೊರತು ಹೂಳನ್ನಲ್ಲ.

ಹೂಳನ್ನು ಅಳೆಯುವ ಉಪಾಯವು ವಿಂಡೋಸ್‌ನಲ್ಲಿಯೇ ಇದೆ. ‘ಕಮಾಂಡ್ ಪ್ರಾಂಪ್ಟ್’ ತೆರೆದು, ‘ಪವರ್’ ಎಂಬ ಪದಕ್ಕೆ ಸಿ, ಎಫ್, ಜಿ ಅಕ್ಷರಗಳನ್ನು ಸೇರಿಸಿ, ಒಂದು ಜಾಗ ಬಿಟ್ಟು, ಮುಂದಕ್ಕೆ ವಾಲಿದ ಓರೆಗೆರೆ ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತತಕ್ಕದ್ದು. ವರದಿಯ ಕಡತ ಎಲ್ಲಿ ಉಳಿದಿದೆ ಎಂಬುದನ್ನು ಯಂತ್ರವೇ ತಿಳಿಸುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ 45,000, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ 27,000 ಎಂದಿದ್ದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇ. 60. ಗಂಟೆಗೆ 15 ವ್ಯಾಟ್-ಅವರ್ ಬಳಸುವ ಯಂತ್ರವು ಹೊಸದರಲ್ಲಿ ಮೂರು ಗಂಟೆ ನಡೆದಿದ್ದರೆ, ಈಗ ಎರಡು ಗಂಟೆಯೂ ನಡೆಯದು. ಲೆಕ್ಕಪತ್ರ ಮುಗಿಸುವ ಮಾರ್ಚ್ ತಿಂಗಳಿಗೆ ಮುನ್ನ ಇದನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಪ್ಲಗ್‌ನಲ್ಲಿಯೇ ಇಟ್ಟು ಕೆಲಸ ಮಾಡುವವರಿಗೆ ಅತ್ಯಂತ ಪ್ರಯೋಜನಕಾರಿಯಾದುದು ಚಾರ್ಜ್ ಮಿತಿ. ಲೆನೊವೊದಲ್ಲಿ ‘ಕನ್ಸರ್ವೇಶನ್ ಮೋಡ್’, ಆಸುಸ್‌ನಲ್ಲಿ ‘ಬ್ಯಾಟರಿ ಹೆಲ್ತ್ ಚಾರ್ಜಿಂಗ್’, ಡೆಲ್‌ನಲ್ಲಿ ‘ಪ್ರೈಮರಿಲಿ ಎಸಿ ಯೂಸ್’ ಎಂಬ ಹೆಸರುಗಳಲ್ಲಿ ಈ ಸೌಲಭ್ಯವಿದೆ. ಮಿತಿಯನ್ನು ಶೇ. 80ಕ್ಕೆ ನಿಲ್ಲಿಸಿದರೂ, ಮೇಲಿನ ಲೆಕ್ಕದ ಹೊಸ ಬ್ಯಾಟರಿಯು ಎರಡು ಗಂಟೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ನಡೆಯುತ್ತದೆ. ದೀರ್ಘಕಾಲ ವಿದ್ಯುತ್ ಇರದೆಂಬ ಪ್ರಕಟಣೆ ಬಂದಾಗ ಮಾತ್ರ ಹಿಂದಿನ ರಾತ್ರಿ ಮಿತಿಯನ್ನು ತೆಗೆದು ಪೂರ್ತಿ ತುಂಬಿಸಿಕೊಳ್ಳಬಹುದು. 2023ರ ಬರಗಾಲದಲ್ಲಿ ಲೋಡ್ ಶೆಡ್ಡಿಂಗ್ ಅನುಭವಿಸಿದವರಿಗೆ ಇದರ ಬೆಲೆ ಗೊತ್ತಿದೆ. (ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವಾಗ ನಮ್ಮ ಅಂಗಡಿಯಲ್ಲೇಕೆ ಕತ್ತಲೆ ಎಂದು ಕೇಳುವವರುಂಟು. ಆ ವಿದ್ಯುತ್ತು ಗ್ರಿಡ್‌ಗೆ ಸೇರುತ್ತದೆಯೇ ವಿನಾ ನಮ್ಮ ಫೀಡರಿಗೆ ನೇರವಾಗಿ ಇಳಿಯುವುದಿಲ್ಲ.)

ಸಣ್ಣ ಕೈಗಾರಿಕೆಯವರು ಗಮನಿಸಬೇಕಾದ ಇನ್ನೊಂದು ಶತ್ರು ಧೂಳು. ಹೊಸದುರ್ಗದ ಕಡೆಯ ತೆಂಗಿನ ನಾರು, ಎಣ್ಣೆ ಗಿರಣಿಯ ಶೇಂಗಾ ಸಿಪ್ಪೆ, ಹತ್ತಿಯ ಎಳೆ, ಇವೆಲ್ಲ ಲ್ಯಾಪ್‌ಟಾಪ್‌ನ ಗಾಳಿಕಿಂಡಿಯಲ್ಲಿ ಕಟ್ಟಿಕೊಂಡರೆ ಒಳಗಿನ ಬಿಸಿ ಹೊರಹೋಗದು. ಫ್ಯಾನ್ ಸದಾ ಓಡಿ ವಿದ್ಯುತ್ತನ್ನೂ ತಿನ್ನುತ್ತದೆ. ಗಾದಿಯ ಮೇಲೆ ಯಂತ್ರವನ್ನಿಟ್ಟು ಲೆಕ್ಕ ಬರೆಯುವ ಅಭ್ಯಾಸವಿದ್ದಲ್ಲಿ, ಅಡಿಯಲ್ಲಿ ಒಂದು ಹಲಗೆಯನ್ನಾದರೂ ಇಡಬೇಕು. ಮುಂಗಾರುಪೂರ್ವ ಗುಡುಗು ಸಿಡಿಲಿನ ವೇಳೆ ಪ್ಲಗ್ ತೆಗೆದುಬಿಡುವುದೇ ಸುರಕ್ಷಿತ.

ವಿದ್ಯುತ್ ಹೋದೊಡನೆ ಮೊದಲು ಪರದೆಯ ಪ್ರಕಾಶ ತಗ್ಗಿಸಿ. ಹೆಚ್ಚು ವಿದ್ಯುತ್ ಬಳಸುವ ಭಾಗಗಳಲ್ಲಿ ಪರದೆಯೂ ಒಂದು. ಬೇಡದ ಬ್ರೌಸರ್ ಪುಟಗಳನ್ನು ಮುಚ್ಚಿ. ಹೆಚ್ಚು ಹೊತ್ತು ಕಾಯಬೇಕಾದರೆ ‘ಸ್ಲೀಪ್’ ಬದಲು ‘ಹೈಬರ್ನೇಟ್’ ಆರಿಸಿದರೆ ತೆರೆದ ಕೆಲಸವೂ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಅನೇಕರು ಮರೆಯುವ ಸಂಗತಿಯೊಂದಿದೆ: ಲ್ಯಾಪ್‌ಟಾಪ್ ನಡೆಯುತ್ತಿದ್ದರೂ ಗೋಡೆಯ ಮೇಲಿನ ಇಂಟರ್‌ನೆಟ್ ರೂಟರ್ ಆರಿಹೋಗಿರುತ್ತದೆ, ಜಿಎಸ್‌ಟಿ ತಾಣ ತೆರೆಯುವುದಿಲ್ಲ. ರೂಟರಿಗೆ ಅದರ ವೋಲ್ಟೇಜ್‌ಗೆ ಹೊಂದುವ ಸಣ್ಣ ಯುಪಿಎಸ್ ಜೋಡಿಸಬಹುದು. ಮೊಬೈಲ್‌ನಿಂದ ಸಂಪರ್ಕ ಪಡೆಯುವುದಾದರೆ ವೈ-ಫೈ ಮೂಲಕ ಪಡೆಯಿರಿ; ಕೇಬಲ್ ಹಾಕಿದರೆ ಮೊಬೈಲ್ ಲ್ಯಾಪ್‌ಟಾಪ್‌ನಿಂದಲೇ ಚಾರ್ಜ್ ಹೀರುತ್ತದೆ.

ವರದಿಯಲ್ಲಿ ಸಾಮರ್ಥ್ಯವು ಅರ್ಧಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆಯೆಂದೇ ತಿಳಿಯಬೇಕು. ಕೊಳ್ಳುವಾಗ ಮಾದರಿ ಸಂಖ್ಯೆ, ವ್ಯಾಟ್-ಅವರ್ ಹಾಗೂ ತಯಾರಿಕೆಯ ದಿನಾಂಕವನ್ನು ನೋಡಿ, ಏಕೆಂದರೆ ಕಪಾಟಿನಲ್ಲಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಅಗ್ಗದ ಅನಾಮಧೇಯ ಮಾಲು ಬೇಡ. ದೊಡ್ಡ ತಯಾರಕರೂ ಎಡವಿದ್ದುಂಟು: ಬೆಂಕಿಯ ಭೀತಿಯಿಂದ 2006ರಲ್ಲಿ ಡೆಲ್ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಕೀಲಿಮಣೆಯ ಭಾಗ ಉಬ್ಬಿದಂತೆ ಕಂಡರೆ ಅಂದೇ ಬಳಕೆ ನಿಲ್ಲಿಸಿ. ಒತ್ತುವುದು, ಚುಚ್ಚುವುದು ಸರ್ವಥಾ ಕೂಡದು. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಮಾರಾಟಗಾರರ ಅಥವಾ ಸೇವಾಕೇಂದ್ರದ ಮೂಲಕ ಹಿಂತಿರುಗಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದರ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆಯೇ ಹೊರಿಸಿವೆ.