ಮೂರು ನಾಡುಗಳ ಆಟ

2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್‌ನ ಒಂದು ಪಂದ್ಯ ನಡೆಯಿತು. ಒಂದು ಕಡೆ ಕ್ರಿಕೆಟ್ಟಿನ ತವರೆನಿಸಿದ ಇಂಗ್ಲೆಂಡ್. ಇನ್ನೊಂದು ಕಡೆ ಅದರ ನೆರೆಯ ಪುಟ್ಟ ದೇಶ ಐರ್ಲೆಂಡ್. ಇಂಗ್ಲೆಂಡ್ ತನ್ನ 50 ಓವರುಗಳಲ್ಲಿ 327 ಓಟಗಳನ್ನು ಕೂಡಿಸಿತು. ಉತ್ತರವಾಗಿ ಆಡಲಿಳಿದ ಐರ್ಲೆಂಡ್ ಮೊದಲ ಚೆಂಡಿಗೇ ತನ್ನ ನಾಯಕನನ್ನು ಕಳೆದುಕೊಂಡಿತು. 111 ಓಟಗಳಾಗುವಷ್ಟರಲ್ಲಿ ಐವರು ದಾಂಡಿಗರು ಮರಳಿದ್ದರು. ಪಂದ್ಯ ಮುಗಿದಂತೆಯೇ ಎಂದು ನೋಡುಗರಲ್ಲಿ ಬಹುಮಂದಿ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆಗ ಕೆವಿನ್ ಓ’ಬ್ರಿಯನ್ ದಾಂಡು ಬೀಸತೊಡಗಿದರು. ಕೇವಲ 50 ಚೆಂಡುಗಳಲ್ಲಿ ಅವರು ನೂರನ್ನು ಮುಟ್ಟಿದರು. ವಿಶ್ವಕಪ್‌ನಲ್ಲಿ ಅಂದಿನವರೆಗೆ ಅಷ್ಟು ಶೀಘ್ರವಾಗಿ ಯಾರೂ ಶತಕವನ್ನು ಬಾರಿಸಿರಲಿಲ್ಲ. ಇನ್ನೂ ಐದು ಚೆಂಡುಗಳು ಉಳಿದಿರುವಂತೆಯೇ ಐರ್ಲೆಂಡ್ ಗೆದ್ದಿತು.

ಆ ಸಂಜೆ ಗೆದ್ದವರು ಎಲ್ಲಿಂದಲೋ ಥಟ್ಟನೆ ಉದುರಿಬಿದ್ದವರಲ್ಲ. ಪತ್ರಿಕೆಗಳ ಮೂಲೆಯಲ್ಲಿ ಒಂದೆರಡು ಸಾಲುಗಳಷ್ಟೇ ಜಾಗ ಪಡೆಯುವ ಎಷ್ಟೋ ಪಂದ್ಯಗಳಲ್ಲಿ ಅವರು ವರ್ಷಗಟ್ಟಲೆ ಪಳಗಿದ್ದರು. ಬೆಳೆಯುತ್ತಿರುವ ತಂಡಗಳು ನಡೆಯುವ ಆ ದಾರಿಯ ಪರಿಚಯ ನಮ್ಮಲ್ಲಿ ಅನೇಕರಿಗೆ ಇಲ್ಲ. ಭಾರತ, ಆಸ್ಟ್ರೇಲಿಯಗಳಂಥ ಹನ್ನೆರಡು ದೇಶಗಳು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಪೂರ್ಣ ಸದಸ್ಯರು. ಉಳಿದ ನೂರಕ್ಕೆ ಸಮೀಪದ ದೇಶಗಳು ಸಹಸದಸ್ಯರು. ಈ ಸಹಸದಸ್ಯರಲ್ಲಿ ಕೆಲವರಿಗೆ ಮಾತ್ರ ತಮ್ಮ ಏಕದಿನ ಪಂದ್ಯಗಳನ್ನು ಅಂತರರಾಷ್ಟ್ರೀಯ ಪಂದ್ಯಗಳೆಂದು ದಾಖಲಿಸಿಕೊಳ್ಳುವ ಮಾನ್ಯತೆ ಉಂಟು. ಅದು ಶಾಶ್ವತವಾದ ಮಾನ್ಯತೆಯಲ್ಲ. ಆಡಿ ಗಳಿಸಬೇಕು, ಸೋತರೆ ಕಳೆದುಕೊಳ್ಳಬೇಕು. 2014ರಲ್ಲಿ ಕೆನಡಾ ಅದನ್ನು ಕಳೆದುಕೊಂಡಿತು. 2023ರಲ್ಲಿ ಮತ್ತೆ ಗಳಿಸಿಕೊಂಡಿತು. ಅದೇ ವರ್ಷ ಪಾಪುವಾ ನ್ಯೂಗಿನಿ ಕಳೆದುಕೊಂಡಿತು.

ಈ ಏಣಿಯನ್ನು ಅತಿ ವೇಗವಾಗಿ ಹತ್ತಿದವರು ಅಫ್ಘಾನಿಸ್ತಾನದವರು. 2008ರಲ್ಲಿ ಜೆರ್ಸಿ ಎಂಬ ಸಣ್ಣ ದ್ವೀಪದಲ್ಲಿ ನಡೆದ ಐದನೆಯ ವಿಭಾಗದ ಪಂದ್ಯಾವಳಿಯಲ್ಲಿ ಅವರು ಆಡಿದರು. ಹತ್ತು ವರ್ಷಗಳ ತರುವಾಯ, 2018ರ ಜೂನ್ 14ರಂದು, ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದರು. ಎರಡೇ ದಿನಗಳಲ್ಲಿ ಭಾರತ ಅವರನ್ನು ಸೋಲಿಸಿತು. ಆದರೂ ಬಹುಮಾನದೊಡನೆ ಚಿತ್ರ ತೆಗೆಸಿಕೊಳ್ಳುವಾಗ ಭಾರತದ ನಾಯಕ ಅಜಿಂಕ್ಯ ರಹಾನೆ ಅಫ್ಘನ್ ಆಟಗಾರರನ್ನೂ ತಮ್ಮ ಜೊತೆಗೆ ಕರೆದು ನಿಲ್ಲಿಸಿಕೊಂಡರು. ಸೋತವರನ್ನು ನಡೆಸಿಕೊಂಡ ಆ ಬಗೆ ಭಾರತ ತಂಡದ ದೊಡ್ಡತನವನ್ನು ತೋರಿಸಿತು.

2019ರಿಂದ 2023ರವರೆಗೆ ಈ ಏಣಿಯ ಮುಖ್ಯವಾದ ಮೆಟ್ಟಿಲಾಗಿದ್ದುದು ವಿಶ್ವಕಪ್ ಲೀಗ್-2 ಎಂಬ ವ್ಯವಸ್ಥೆ. ಸ್ಕಾಟ್ಲೆಂಡ್, ಒಮಾನ್, ನೇಪಾಳ, ನಮೀಬಿಯಾ, ಅಮೆರಿಕ, ಸಂಯುಕ್ತ ಅರಬ್ ಸಂಸ್ಥಾನ, ಪಾಪುವಾ ನ್ಯೂಗಿನಿ ಎಂಬ ಏಳು ದೇಶಗಳು ಇದರಲ್ಲಿದ್ದವು. ಒಂದೊಂದು ತಂಡಕ್ಕೂ 36 ಪಂದ್ಯಗಳು. ಇವನ್ನು 21 ತ್ರಿಕೋನ ಸರಣಿಗಳಾಗಿ ಹಂಚಲಾಗಿತ್ತು. ಮೂರು ತಂಡಗಳು ಒಂದು ದೇಶದಲ್ಲಿ ಸೇರುವುದು, ಒಬ್ಬೊಬ್ಬರೂ ಇನ್ನಿಬ್ಬರೊಡನೆ ಎರಡೆರಡು ಸಲ ಆಡುವುದು, ಹೀಗೆ ಆರು ಪಂದ್ಯಗಳಾದ ಮೇಲೆ ಊರಿಗೆ ಮರಳುವುದು: ಇದು ಕ್ರಮ. ಹಣದ ಅನುಕೂಲವಿಲ್ಲದ ತಂಡಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಕ್ಕುವುದು ಕಷ್ಟ. ಒಂದೇ ಪ್ರಯಾಣದಲ್ಲಿ ಇಬ್ಬರು ಎದುರಾಳಿಗಳು ದೊರೆಯುತ್ತಾರೆ.

ಮೂವರ ಆಟಕ್ಕೆ ಇನ್ನೊಂದು ಗುಣವೂ ಉಂಟು. ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಂಥ ಊರಿನ ಬಯಲಿನಲ್ಲಿ ಮೂರು ಹಳ್ಳಿಗಳ ಹುಡುಗರು ಸೇರಿದರೆ ಏನಾಗುವುದೆಂದು ಊಹಿಸಿಕೊಳ್ಳಬಹುದು. ಇಬ್ಬರು ಆಡುತ್ತಿರುವಾಗ ಮೂರನೆಯ ತಂಡ ಸುಮ್ಮನೆ ಕುಳಿತಿರುವುದಿಲ್ಲ. ಯಾರ ಚೆಂಡು ಯಾವ ಕಡೆಗೆ ತಿರುಗುತ್ತದೆ, ಯಾವ ದಾಂಡಿಗ ಯಾವ ಚೆಂಡಿಗೆ ತಡವರಿಸುತ್ತಾನೆ ಎಂಬುದನ್ನು ಬದುವಿನ ಮೇಲೆ ಕುಳಿತೇ ಓದಿಕೊಳ್ಳುತ್ತದೆ. ನಾಳೆ ಆಡಬೇಕಾದವರಿಗೆ ಇಂದಿನ ಬಿಡುವೂ ಒಂದು ಪಾಠವೇ. ಅಂತರರಾಷ್ಟ್ರೀಯ ತ್ರಿಕೋನ ಸರಣಿಯಲ್ಲಿಯೂ ನಡೆಯುವುದು ಇದೇ.

2020ರ ಫೆಬ್ರವರಿ 5ರಿಂದ 12ರವರೆಗೆ ನೇಪಾಳದಲ್ಲಿ ನಡೆದ ಸರಣಿ ಇಂಥವುಗಳಲ್ಲಿ ಒಂದು. ಕಾಠ್ಮಂಡುವಿನ ಬಳಿಯ ಕೀರ್ತಿಪುರದಲ್ಲಿ ತ್ರಿಭುವನ ವಿಶ್ವವಿದ್ಯಾನಿಲಯದ ಮೈದಾನವಿದೆ. ನೇಪಾಳದ ನೆಲದಲ್ಲಿ ಏಕದಿನ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು ಅದೇ ಮೊದಲು. ಅತಿಥೇಯರಾದ ನೇಪಾಳದವರೊಡನೆ ಒಮಾನ್ ಮತ್ತು ಅಮೆರಿಕದ ತಂಡಗಳು ಆಡಿದವು. ಒಮಾನ್ ತಂಡದಲ್ಲಿದ್ದವರು ಹೆಚ್ಚಾಗಿ ಭಾರತ, ಪಾಕಿಸ್ತಾನಗಳಿಂದ ಹೋಗಿ ಅಲ್ಲಿ ನೆಲಸಿದವರು. ಅಮೆರಿಕದ ಕಥೆ ಇನ್ನೂ ವಿಚಿತ್ರ. ಜಗತ್ತಿನಲ್ಲಿ ಎರಡು ದೇಶಗಳ ನಡುವಣ ಮೊದಲ ಕ್ರಿಕೆಟ್ ಪಂದ್ಯ ನಡೆದದ್ದು ಇಂಗ್ಲೆಂಡಿನಲ್ಲಲ್ಲ. 1844ರಲ್ಲಿ ನ್ಯೂಯಾರ್ಕಿನಲ್ಲಿ, ಅಮೆರಿಕ ಮತ್ತು ಕೆನಡಾಗಳ ನಡುವೆ. ಆಮೇಲೆ ಅಲ್ಲಿ ಬೇಸ್‌ಬಾಲ್ ಬೆಳೆಯಿತು, ಕ್ರಿಕೆಟ್ ಸೊರಗಿತು. ವಲಸೆ ಹೋದವರು ಆ ಆಟಕ್ಕೆ ಮತ್ತೆ ನೀರೆರೆದರು. 2020ರಲ್ಲಿ ಅಮೆರಿಕ ತಂಡದ ನಾಯಕರಾಗಿದ್ದ ಸೌರಭ್ ನೇತ್ರಾವಳ್ಕರ್ ಮುಂಬಯಿಯವರು, ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್.

ಆ ಸರಣಿಯಲ್ಲಿ ಒಮಾನ್ ತನ್ನ ನಾಲ್ಕು ಪಂದ್ಯಗಳನ್ನೂ ಗೆದ್ದಿತು. ಫೆಬ್ರವರಿ 8ರಂದು ನೇಪಾಳದ ಕುಶಲ್ ಮಲ್ಲ ಎಂಬ ಹುಡುಗ ಅಮೆರಿಕದ ವಿರುದ್ಧ 50 ಓಟಗಳನ್ನು ಗಳಿಸಿದನು. ಅವನಿಗಾಗ ಇನ್ನೂ ಹದಿನಾರು ತುಂಬಿರಲಿಲ್ಲ. ಹೈಸ್ಕೂಲಿನ ಮೇಲಿನ ತರಗತಿಯಲ್ಲಿರಬೇಕಾದ ವಯಸ್ಸು! ಏಕದಿನ ಪಂದ್ಯಗಳಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ಅರ್ಧಶತಕವನ್ನು ಅದುವರೆಗೆ ಯಾರೂ ಗಳಿಸಿರಲಿಲ್ಲ.

ಕೊನೆಯ ಪಂದ್ಯ ಫೆಬ್ರವರಿ 12ರಂದು, ನೇಪಾಳಕ್ಕೂ ಅಮೆರಿಕಕ್ಕೂ ನಡೆಯಿತು. ಅಮೆರಿಕ ಮೊದಲು ದಾಂಡು ಹಿಡಿಯಿತು. ನೇಪಾಳದ ಲೆಗ್‌ಸ್ಪಿನ್ ಬೌಲರ್ ಸಂದೀಪ್ ಲಾಮಿಛಾನೆ ಆರು ಓವರುಗಳಲ್ಲಿ 16 ಓಟ ಕೊಟ್ಟು ಆರು ವಿಕೆಟ್‌ಗಳನ್ನು ಕಿತ್ತರು. ಉಳಿದ ನಾಲ್ಕನ್ನು ಸುಶನ್ ಭಾರಿ ಕೇವಲ 5 ಓಟಗಳಿಗೆ ಪಡೆದರು. ಹಿಂದೆ ವೆಸ್ಟ್ ಇಂಡೀಸ್ ಪರವಾಗಿ ಆಡಿದ್ದ ಜೇವಿಯರ್ ಮಾರ್ಷಲ್ ಒಬ್ಬರೇ ಎರಡಂಕಿಯನ್ನು ಮುಟ್ಟಿದರು, ಅವರದು 16. ಇಡೀ ತಂಡ 12 ಓವರುಗಳಲ್ಲಿ 35 ಓಟಗಳಿಗೆ ಮುಗಿಯಿತು. 2004ರಲ್ಲಿ ಹರಾರೆಯಲ್ಲಿ ಶ್ರೀಲಂಕಾದ ವಿರುದ್ಧ ಜಿಂಬಾಬ್ವೆ ಗಳಿಸಿದ್ದೂ 35. ಏಕದಿನ ಕ್ರಿಕೆಟ್ಟಿನಲ್ಲಿ ಅತಿ ಕಡಮೆ ಮೊತ್ತದ ದಾಖಲೆಗೆ ಹೀಗೆ ಇಬ್ಬರು ಪಾಲುದಾರರಾದರು. ನೇಪಾಳ 5.2 ಓವರುಗಳಲ್ಲಿ ಗುರಿ ತಲಪಿತು. ಎರಡೂ ಕಡೆಯವರಿಗೆ ಸೇರಿ 104 ಚೆಂಡುಗಳು. ನೂರು ಓವರುಗಳಿಗೆಂದು ಏರ್ಪಟ್ಟ ಆಟ ಹದಿನೆಂಟು ಓವರುಗಳೂ ತುಂಬದೆ ಮುಗಿದುಹೋಯಿತು.

ಇಂಥ ಸೋಲನ್ನು ಕಂಡು ನಗುವುದು ಸುಲಭ. ದೊಡ್ಡ ತಂಡವೊಂದು ಹೀಗೆ ಸೋತರೆ ಮುಂದಿನ ತಿಂಗಳು ಅದಕ್ಕೆ ಮತ್ತೊಂದು ಸರಣಿ ಸಿದ್ಧವಾಗಿರುತ್ತದೆ. ಸಣ್ಣ ತಂಡದ ಪಾಡು ಹಾಗಲ್ಲ. ಆ ಸರಣಿಯ ಬೆನ್ನಲ್ಲೇ ಕೋವಿಡ್ ಪಿಡುಗು ಬಂದು ಜಗತ್ತಿನ ಆಟದ ಬಯಲುಗಳೆಲ್ಲ ಬರಿದಾದವು. 35 ಎಂಬ ಅಂಕಿಯನ್ನು ಅಳಿಸಿಕೊಳ್ಳಲು ಅಮೆರಿಕದವರು ಮುಂದಿನ ಏಕದಿನ ಪಂದ್ಯಕ್ಕಾಗಿ ಒಂದೂವರೆ ವರ್ಷ ಕಾಯಬೇಕಾಯಿತು.

ಈ ಹಂತದಲ್ಲಿ ಆ ತಂಡದ ಕಥೆಯೊಳಗೆ ಕರ್ನಾಟಕವೂ ಬರುತ್ತದೆ. 2020ರಲ್ಲಿ, ಕೀರ್ತಿಪುರದ ಸೋಲಾದ ಕೆಲವೇ ವಾರಗಳಲ್ಲಿ, ಅಮೆರಿಕ ತನ್ನ ತಂಡದ ತರಬೇತಿಯನ್ನು ಜೆ. ಅರುಣ್‌ಕುಮಾರ್ ಅವರಿಗೆ ಒಪ್ಪಿಸಿತು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಆರಂಭಿಕ ದಾಂಡಿಗರಾಗಿದ್ದ ಅವರು, ತರಬೇತುದಾರರಾಗಿಯೂ 2013–14 ಮತ್ತು 2014–15ರಲ್ಲಿ ರಾಜ್ಯಕ್ಕೆ ರಣಜಿ ಟ್ರೋಫಿಯನ್ನು ಗೆಲ್ಲಿಸಿಕೊಟ್ಟವರು. ತಂಡದಲ್ಲಿಯೂ ಒಬ್ಬ ಕನ್ನಡಿಗರಿದ್ದರು. ಎಡಗೈ ಸ್ಪಿನ್ ಬೌಲರ್ ನೊಸ್ತುಶ್ ಕೆಂಜಿಗೆ ಹುಟ್ಟಿದ್ದು 1991ರಲ್ಲಿ ಅಮೆರಿಕದ ಅಲಬಾಮಾದಲ್ಲಿ. ಬಾಲ್ಯವನ್ನು ಕಳೆದದ್ದು ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ. ಬೆಂಗಳೂರಿನ ಕ್ಲಬ್ ಕ್ರಿಕೆಟ್ಟಿನಲ್ಲಿ ಆಡಿದರೂ ಅದಕ್ಕಿಂತ ಮೇಲೇರಲು ಅವರಿಗೆ ದಾರಿ ಸಿಗಲಿಲ್ಲ. ನೂರಾರು ಪ್ರತಿಭಾವಂತರು ಹನ್ನೊಂದು ಸ್ಥಾನಗಳಿಗಾಗಿ ಕಾದಿರುವ ರಾಜ್ಯದಲ್ಲಿ ಅದೇನೂ ಅಪರೂಪವಲ್ಲ. ಅವರು ಹುಟ್ಟಿದ ದೇಶಕ್ಕೆ ಮರಳಿ ಉದ್ಯೋಗ ಹಿಡಿದರು, ಅಲ್ಲಿಯೇ ಆಟವನ್ನು ಮುಂದುವರಿಸಿದರು, 2017ರ ವೇಳೆಗೆ ಅಮೆರಿಕದ ರಾಷ್ಟ್ರೀಯ ತಂಡವನ್ನು ಸೇರಿದರು.

ಇತ್ತ ನೇಪಾಳ ಲೀಗಿನ ಪಟ್ಟಿಯಲ್ಲಿ ಬಹಳ ಹಿಂದೆ ಬಿದ್ದಿತ್ತು. ಮೊದಲ ಮೂರು ಸ್ಥಾನಗಳಲ್ಲಿ ಒಂದನ್ನು ಪಡೆದರೆ ಮಾತ್ರ ವಿಶ್ವಕಪ್‌ನ ಅರ್ಹತಾ ಸುತ್ತಿಗೆ ನೇರ ಪ್ರವೇಶ. ನೇಪಾಳ ತನ್ನ ಕೊನೆಯ 12 ಪಂದ್ಯಗಳಲ್ಲಿ 11ನ್ನು ಗೆದ್ದಿತು! 2023ರ ಮಾರ್ಚ್ 16ರಂದು, ಅದೇ ಕೀರ್ತಿಪುರದಲ್ಲಿ, ಸಂಯುಕ್ತ ಅರಬ್ ಸಂಸ್ಥಾನದ ಎದುರು ಕೊನೆಯ ಪರೀಕ್ಷೆ. ಗೆಲ್ಲಲು 311 ಓಟಗಳು ಬೇಕಾಗಿದ್ದವು. ಮೈದಾನ ಕಿಕ್ಕಿರಿದಿತ್ತು, ಒಳಗೆ ಜಾಗ ಸಿಗದವರು ಮರಗಳನ್ನೇರಿ ನೋಡುತ್ತಿದ್ದರು. ನೇಪಾಳ 44 ಓವರುಗಳಲ್ಲಿ 269ನ್ನು ಮುಟ್ಟಿದಾಗ ಬೆಳಕು ಕುಂದಿ ಆಟ ನಿಂತಿತು. ಇಂಥ ಸಂದರ್ಭಕ್ಕೆಂದೇ ಇರುವ ಡಕ್ವರ್ತ್-ಲೂಯಿಸ್-ಸ್ಟರ್ನ್ ಲೆಕ್ಕದ ಪ್ರಕಾರ ನೇಪಾಳ 9 ಓಟಗಳಿಂದ ಮುಂದಿತ್ತು. ಸ್ಕಾಟ್ಲೆಂಡ್, ಒಮಾನ್‌ಗಳ ಹಿಂದೆ ಮೂರನೆಯ ಸ್ಥಾನ ಅದರದಾಯಿತು.

ಇಷ್ಟೆಲ್ಲ ಸೆಣಸಿದವರಿಗೆ ತೆರೆದಿದ್ದ ಬಾಗಿಲು ಮಾತ್ರ ಇಕ್ಕಟ್ಟಾಗಿತ್ತು. ಬೆಂಗಳೂರಿನಲ್ಲಿ ಐರ್ಲೆಂಡ್ ಗೆದ್ದ 2011ರ ವಿಶ್ವಕಪ್‌ನಲ್ಲಿ 14 ತಂಡಗಳಿದ್ದವು. 2019ರಲ್ಲಿಯೂ 2023ರಲ್ಲಿಯೂ ಅವು 10ಕ್ಕೆ ಇಳಿದವು. ಜಗತ್ತಿನ ಹೆಸರು ಹೊತ್ತ ಪಂದ್ಯಾವಳಿಯೊಂದು ಜಗತ್ತಿನ ದೇಶಗಳನ್ನು ಹೊರಗಿಡುತ್ತ ಹೋಗುವುದು ನ್ಯಾಯವೆನಿಸದು. ಏಳು ದೇಶಗಳು ಮೂರೂವರೆ ವರ್ಷ, 126 ಪಂದ್ಯಗಳನ್ನು ಆಡಿದವು. ಅವುಗಳಲ್ಲಿ ಒಂದಕ್ಕೂ 2023ರ ವಿಶ್ವಕಪ್‌ನಲ್ಲಿ ಸ್ಥಾನ ದೊರೆಯಲಿಲ್ಲ.

20 ಓವರುಗಳ ವಿಶ್ವಕಪ್‌ನ ಬಾಗಿಲು ಅಷ್ಟು ಕಿರಿದಲ್ಲ. 2024ರಲ್ಲಿ ಅದರಲ್ಲಿ 20 ತಂಡಗಳು ಆಡಿದವು. ವೆಸ್ಟ್ ಇಂಡೀಸ್ ಜೊತೆಗೆ ಅಮೆರಿಕವೂ ಅತಿಥೇಯ. ಆ ಹೊತ್ತಿಗೆ ಅರುಣ್‌ಕುಮಾರ್ ಅವರ ಹೊಣೆ ಆಸ್ಟ್ರೇಲಿಯದ ಸ್ಟುವರ್ಟ್ ಲಾ ಅವರಿಗೆ ಹೋಗಿತ್ತು. ಜೂನ್ 6ರಂದು ಟೆಕ್ಸಾಸ್ ರಾಜ್ಯದ ಡಲ್ಲಾಸ್ ಬಳಿ ಪಾಕಿಸ್ತಾನದೊಡನೆ ಪಂದ್ಯ. ಕೆಂಜಿಗೆ 30 ಓಟಗಳಿಗೆ ಮೂರು ವಿಕೆಟ್‌ಗಳನ್ನು ಪಡೆದರು. ಪಾಕಿಸ್ತಾನ 159, ಅಮೆರಿಕವೂ ಕೊನೆಯ ಚೆಂಡಿನ ಬೌಂಡರಿಯಿಂದ 159. ಸಮಬಲವನ್ನು ಮುರಿಯಲು ಎರಡೂ ಕಡೆಗೆ ಒಂದೊಂದು ಓವರ್ ಕೊಡಲಾಯಿತು. ಅಮೆರಿಕ ಅದರಲ್ಲಿ 18 ಓಟಗಳನ್ನು ಗಳಿಸಿತು. ಪಾಕಿಸ್ತಾನದ ಸರದಿಗೆ ಚೆಂಡನ್ನು ಕೈಗೆತ್ತಿಕೊಂಡವರು, ನಾಲ್ಕು ವರ್ಷಗಳ ಹಿಂದೆ ಕೀರ್ತಿಪುರಕ್ಕೆ ತಂಡವನ್ನು ಕರೆದೊಯ್ದಿದ್ದ ನೇತ್ರಾವಳ್ಕರ್. ಅವರು 13 ಓಟಗಳನ್ನಷ್ಟೇ ಬಿಟ್ಟುಕೊಟ್ಟರು.