ಒಪ್ಪಿಗೆಯ ಸಹಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ಲಕ್ಷ್ಮಣತೀರ್ಥ, ಕಾವೇರಿ ಮತ್ತು ಕಪಿಲೆ ಈ ಸೀಮೆಯನ್ನು ತಣಿಸುವ ನದಿಗಳು. ಕೃಷ್ಣರಾಜನಗರದ ನಾಲೆಯ ಬಯಲುಗಳಲ್ಲಿ ಬತ್ತದ ಪೈರು ತೂಗಿದರೆ, ಉಳಿದ ತಾಲ್ಲೂಕುಗಳ ಕೆಂಪು ನೆಲದಲ್ಲಿ ಹೊಗೆಸೊಪ್ಪು ಹೇರಳವಾಗಿ ಬೆಳೆಯುತ್ತದೆ. ಸೊಪ್ಪನ್ನು ಹದಮಾಡುವ ಕಾಲ ಬಂದಾಗ ರೈತನು ಬ್ಯಾರನ್ನಿನ ಬೆಂಕಿಯನ್ನು ಕಾಯುತ್ತ ರಾತ್ರಿಯಿಡೀ ಎಚ್ಚರವಾಗಿರುತ್ತಾನೆ.

ಅಂತಹ ಒಂದು ರಾತ್ರಿ ನಡುವಯಸ್ಸು ದಾಟಿದ ರೈತನೊಬ್ಬನಿಗೆ ಎದೆ ಹಿಂಡಿದಂತಾಯಿತೆಂದು ಭಾವಿಸಬಹುದು. ನೋವು ಎಡದೋಳಿಗೆ ಇಳಿಯುತ್ತದೆ; ಮೈ ತಣ್ಣಗೆ ಬೆವರುತ್ತದೆ. ಮಗನು ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆತರುತ್ತಾನೆ. ಇಸಿಜಿ ಪರೀಕ್ಷೆಯು ಹೃದಯಾಘಾತವನ್ನು ತೋರಿಸುತ್ತದೆ. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಕೊಟ್ಟು, ವೈದ್ಯರು ಅವನನ್ನು ಮೈಸೂರಿಗೆ ಕಳುಹಿಸುತ್ತಾರೆ. ಈ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ಕರ್ನಾಟಕ ಸರ್ಕಾರವು 2024ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು.

ಮೈಸೂರಿನ ಆಸ್ಪತ್ರೆಯಲ್ಲಿ ರೈತನ ನೋವು ಇಳಿದಿದೆ. ಅವನಿಗೆ ಪೂರ್ಣ ಎಚ್ಚರವಿದೆ. ಆಂಜಿಯೋಗ್ರಾಂ ಮಾಡಿ, ಅಗತ್ಯ ಕಂಡುಬಂದರೆ ಸ್ಟೆಂಟ್ ಅಳವಡಿಸಬೇಕೆಂದು ವೈದ್ಯರು ತಿಳಿಸುತ್ತಾರೆ. ಅದಕ್ಕೊಂದು ಒಪ್ಪಿಗೆಯ ಪತ್ರ ಬರುತ್ತದೆ. ಮಗನು ಕೈಚಾಚಿ, “ಅಪ್ಪನಿಗೆ ಏನನ್ನೂ ಹೇಳಬೇಡಿ, ಹೆದರಿಕೊಳ್ಳುತ್ತಾರೆ. ನಾನೇ ಸಹಿ ಹಾಕುತ್ತೇನೆ” ಎನ್ನುತ್ತಾನೆ. ಆ ಮಾತಿನಲ್ಲಿ ಪ್ರೀತಿಯಿದೆ. ಆದರೆ ಚಿಕಿತ್ಸೆ ನಡೆಯುವುದು ಯಾರ ಹೃದಯಕ್ಕೆ? ನಿರ್ಧರಿಸಬೇಕಾದವರು ಯಾರು?

ಹೃದಯವು ದೇಹಕ್ಕೆಲ್ಲ ರಕ್ತವನ್ನು ಒದಗಿಸುವ ಅಂಗವಾದರೂ ಅದರ ಸ್ನಾಯುವಿಗೂ ರಕ್ತ ಬೇಕು. ಆ ರಕ್ತವನ್ನು ತರುವ ನಾಳಗಳೇ ಕರೋನರಿ ಅಪಧಮನಿಗಳು. ಹೊಗೆಸೊಪ್ಪಿನ ಸೇವನೆ, ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ ಮೊದಲಾದ ಕಾರಣಗಳಿಂದ ಇವುಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುತ್ತದೆ. ಅಲ್ಲಿ ಹೆಪ್ಪುಗಟ್ಟಿದರೆ ನಾಲೆಗೆ ಅಡ್ಡಗಟ್ಟೆ ಬಿದ್ದಂತೆ ಮುಂದಿನ ಸ್ನಾಯು ಸಾಯತೊಡಗುತ್ತದೆ. ಮಣಿಕಟ್ಟಿನ ಅಥವಾ ತೊಡೆಸಂದಿನ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಸೇರಿಸಿ, ಪುಟ್ಟ ಬಲೂನನ್ನು ಉಬ್ಬಿಸಿ, ಕಿರಿದಾದ ನಾಳವನ್ನು ಹಿಗ್ಗಿಸುವ ಕ್ರಮಕ್ಕೆ ಆಂಜಿಯೋಪ್ಲಾಸ್ಟಿ ಎಂದು ಹೆಸರು. ಹಿಗ್ಗಿದ ನಾಳವು ಮತ್ತೆ ಕುಗ್ಗದಂತೆ ಆನಿಸಿಡುವ ಲೋಹದ ಜಾಲರಿಯೇ ಸ್ಟೆಂಟ್.

ಈ ಚಿಕಿತ್ಸೆಯ ಚರಿತ್ರೆಯ ಮೊದಲ ಪುಟದಲ್ಲಿಯೇ ಒಪ್ಪಿಗೆಯ ಮಾತಿದೆ. 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಎಚ್ಚರವಾಗಿದ್ದ ರೋಗಿಯೊಬ್ಬನ ಹೃದಯದ ಅಪಧಮನಿಯನ್ನು ಮೊಟ್ಟಮೊದಲ ಬಾರಿಗೆ ಬಲೂನಿನಿಂದ ಹಿಗ್ಗಿಸಿದರು. ರೋಗಿಗೆ 38 ವರ್ಷ ವಯಸ್ಸು. ತೆರೆದೆದೆಯ ಶಸ್ತ್ರಚಿಕಿತ್ಸೆ ಆತನ ಮುಂದಿದ್ದ ಇನ್ನೊಂದು ದಾರಿಯಾಗಿತ್ತು. ಈ ಹೊಸ ಕ್ರಮಕ್ಕೆ ತಾನೇ ಮೊದಲಿಗನೆಂಬುದನ್ನು ಅರಿತೇ ಆತನು ಒಪ್ಪಿಕೊಂಡನು. 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯರು ಮನುಷ್ಯನ ಹೃದಯದ ನಾಳದಲ್ಲಿ ಮೊದಲ ಸ್ಟೆಂಟುಗಳನ್ನು ಅಳವಡಿಸಿದರು.

ಒಪ್ಪಿಗೆ ಎಂದರೆ ಕೇವಲ ಸಹಿಯಲ್ಲ. ಅದು ತಿಳಿವಳಿಕೆಯಿಂದ ಹುಟ್ಟಿದ ಸಮ್ಮತಿ. ಭಾರತದ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿಯಲ್ಲಿ ನೀಡಿದ ತೀರ್ಪೊಂದು ಇದನ್ನು ಸ್ಪಷ್ಟಪಡಿಸಿತು. ದೆಹಲಿಯಲ್ಲಿ ಮಹಿಳೆಯೊಬ್ಬರು ರೋಗಪತ್ತೆಯ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಸಮ್ಮತಿ ಪಡೆದು ದೊಡ್ಡ ಶಸ್ತ್ರಚಿಕಿತ್ಸೆಯನ್ನು ನಡೆಸಲಾಯಿತು. ಪ್ರಾಣಾಪಾಯವಿಲ್ಲದ ಸಂದರ್ಭದಲ್ಲಿ ವಯಸ್ಕ ರೋಗಿಯ ಪರವಾಗಿ ತಾಯಿ ಕೊಟ್ಟ ಸಮ್ಮತಿ ಸಾಲದೆಂದೂ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದೆಂದೂ ನ್ಯಾಯಾಲಯವು ಸಾರಿತು. ಆದರೆ ಪರೀಕ್ಷೆ, ಚಿಕಿತ್ಸೆಗಳೆರಡಕ್ಕೂ ಮೊದಲೇ ಒಟ್ಟಾಗಿ ಸಮ್ಮತಿ ಪಡೆಯಲು ಅಡ್ಡಿಯಿಲ್ಲ. ಆದುದರಿಂದಲೇ ಆಂಜಿಯೋಗ್ರಾಂಗೆ ಮುನ್ನವೇ ಸ್ಟೆಂಟಿನ ವಿಷಯವನ್ನೂ ರೋಗಿಗೆ ವಿವರಿಸುವುದು ಯುಕ್ತ.

ರೋಗಿಯು ತಿಳಿಯಬೇಕಾದ ಸಂಗತಿಗಳು ಮುಖ್ಯವಾಗಿ ನಾಲ್ಕು: ಚಿಕಿತ್ಸೆಯ ಸ್ವರೂಪ ಮತ್ತು ಪ್ರಯೋಜನ, ಅದರಲ್ಲಿರುವ ಗಣನೀಯ ಅಪಾಯ, ಬೇರೆ ದಾರಿಗಳು, ಚಿಕಿತ್ಸೆಯನ್ನು ನಿರಾಕರಿಸಿದರೆ ಒದಗಬಹುದಾದ ಹಾನಿ. ಸ್ಟೆಂಟ್ ಅಳವಡಿಸುವಾಗ ರಕ್ತಸ್ರಾವವಾಗಬಹುದು. ಬಳಸುವ ಬಣ್ಣದ್ರವದಿಂದ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಅಪರೂಪವಾಗಿ ಪಾರ್ಶ್ವವಾಯುವೋ ಮರಣವೋ ಸಂಭವಿಸಬಹುದು. ಹೃದಯಾಘಾತದ ಹೊತ್ತಿನಲ್ಲಿ ಸ್ಟೆಂಟ್ ಜೀವವನ್ನು ಉಳಿಸಬಲ್ಲದು. ಆದರೆ ನಡೆದಾಗ ಎದೆನೋವು ಬಂದು, ನಿಂತಾಗ ಶಮನವಾಗುವ ಸ್ಥಿರ ಸ್ಥಿತಿಯ ರೋಗಿಗಳಲ್ಲಿ ಅನೇಕರಿಗೆ ಔಷಧಗಳಿಂದಲೇ ಚಿಕಿತ್ಸೆಯನ್ನು ಆರಂಭಿಸಬಹುದು. ಅಂತಹವರಲ್ಲಿ ಸ್ಟೆಂಟ್ ನೋವನ್ನು ತಗ್ಗಿಸುತ್ತದೆಯೇ ಹೊರತು, ಸಾಮಾನ್ಯವಾಗಿ ಆಯುಷ್ಯವನ್ನು ಹೆಚ್ಚಿಸುವುದಿಲ್ಲವೆಂದು 2007 ಮತ್ತು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ತಿಳಿಸಿವೆ. “ಈಗಲೇ ಬೇಕೆ? ಬೇರೆ ದಾರಿಯಿದೆಯೆ?” ಎಂದು ಕೇಳುವುದು ವೈದ್ಯರ ಮೇಲಿನ ಅವಿಶ್ವಾಸವಲ್ಲ, ಅದು ರೋಗಿಯ ಹಕ್ಕು.

ಬೆಲೆಯನ್ನು ತಿಳಿಯುವುದೂ ಆ ಹಕ್ಕಿನ ಭಾಗ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಸ್ಟೆಂಟುಗಳಿಗೆ ಗರಿಷ್ಠ ಬೆಲೆಯನ್ನು ನಿಗದಿಪಡಿಸಿತು. ಆಗ ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿ ಗೊತ್ತಾಯಿತು. ಅದಕ್ಕೆ ಮುಂಚೆ ಒಂದು ಲಕ್ಷಕ್ಕಿಂತ ಹೆಚ್ಚು ತೆತ್ತವರೂ ಇದ್ದರು. ಹೊಲವನ್ನು ಒತ್ತೆಯಿಡಬೇಕಾದ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ.

ತಿಳಿಸುವುದೆಂದರೆ ಕೇಳುವವನ ಭಾಷೆಯಲ್ಲಿ ತಿಳಿಸುವುದು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ ನುಡಿಯಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟನ್ ನುಡಿಯಿದೆ. ಇಂಗ್ಲಿಷಿನಲ್ಲಿ ಅಚ್ಚಾದ ಪತ್ರದ ಕೆಳಗೆ ಒತ್ತಿಸಿಕೊಂಡ ಹೆಬ್ಬೆಟ್ಟಿನ ಗುರುತು ತಿಳಿವಳಿಕೆಗೆ ಸಾಕ್ಷಿಯಾಗಲಾರದು. ಪ್ರಜ್ಞೆ ತಪ್ಪಿದ ರೋಗಿಯ ಪ್ರಾಣವು ಅಪಾಯದಲ್ಲಿದ್ದಾಗ ಮಾತ್ರ ವೈದ್ಯರು ಸಮ್ಮತಿಗೆ ಕಾಯದೆ ಚಿಕಿತ್ಸೆ ನಡೆಸಬಹುದು. ಅಲ್ಲಿ ಪ್ರಾಣರಕ್ಷಣೆಯೇ ಮೊದಲ ಧರ್ಮ.

ಒಪ್ಪಿಗೆಗೆ ಒಂದು ಹೊಣೆಯೂ ಅಂಟಿಕೊಂಡಿದೆ. ಸ್ಟೆಂಟ್ ಅಳವಡಿಸಿದ ಬಳಿಕ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ಕಾಲ, ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ, ತಪ್ಪದೆ ಸೇವಿಸಬೇಕು. ನೋವು ಹೋಯಿತೆಂದು ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಪ್ರಾಣಕ್ಕೆ ಎರವಾಗಬಹುದು. ಏನನ್ನೂ ತಿಳಿಯದೆ ಮಲಗಿದವನು ಮನೆಗೆ ಹೋಗಿ ಈ ಎಚ್ಚರವನ್ನು ಹೇಗೆ ವಹಿಸಿಯಾನು?

ಆಸ್ಪತ್ರೆಯ ಮಂಚದ ಬಳಿ ವೈದ್ಯರು ಮಗನಿಗೆ ಸಮಾಧಾನ ಹೇಳಿ, ತಂದೆಯ ಕಡೆಗೆ ತಿರುಗುತ್ತಾರೆ. ಕಾಗದದ ಮೇಲೆ ಹೃದಯದ ಚಿತ್ರವನ್ನು ಬರೆದು, ನಾಳವೆಲ್ಲಿ ಮುಚ್ಚಿದೆ, ಏನು ಮಾಡಲಾಗುವುದು ಎಂಬುದನ್ನು ಕನ್ನಡದಲ್ಲಿ ತಿಳಿಸುತ್ತಾರೆ. ರೈತನು ಸ್ವಲ್ಪ ಹೊತ್ತು ಮೌನವಾಗಿದ್ದು, “ಮತ್ತೆ ಗೇಯಬಹುದೇ?” ಎಂದು ಕೇಳುತ್ತಾನೆ. ವೈದ್ಯರು ಉಳಿದ ಸ್ನಾಯುವಿನ ಬಲವನ್ನು ನೋಡಿ ಹೇಳಬೇಕೆಂದೂ, ಬೀಡಿಯನ್ನಂತೂ ಬಿಡಲೇಬೇಕೆಂದೂ ಉತ್ತರಿಸುತ್ತಾರೆ. ಭಯವು ಪೂರ್ತಿ ಹೋಗುವುದಿಲ್ಲ. ಆದರೆ ಕತ್ತಲೆಯ ಭಯ ಕಳೆಯುತ್ತದೆ. ರೈತನು ಲೇಖನಿಯನ್ನು ತೆಗೆದುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ತನ್ನ ಹೆಸರನ್ನು ತಾನೇ ಬರೆಯುತ್ತಾನೆ.

ಅಭ್ಯಾಸ

1. ಮಗನ ಮಾತಿನಲ್ಲಿ ಪ್ರೀತಿಯಿದ್ದರೂ ಅದು ಏಕೆ ಸಾಲದು?
2. 2008ರ ತೀರ್ಪಿನ ಸಾರವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
3. ಒಪ್ಪಿಗೆ ಕೊಡುವ ಮುನ್ನ ರೋಗಿಯು ತಿಳಿಯಬೇಕಾದ ಸಂಗತಿಗಳು ಯಾವುವು?
4. ‘ಕತ್ತಲೆಯ ಭಯ ಕಳೆಯುತ್ತದೆ’ ಎಂಬ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.