ನಿನ್ನ ಲಿವರ್‌ಗೆ ಈಗ ಗಂಟೆ ಎಷ್ಟು?

ಮಗೂ, ನೀನು ರಾತ್ರಿ ಒಂದು ಗಂಟೆಗೆ ಬಿರಿಯಾನಿ ತರಿಸಿ ಉಣ್ಣುತ್ತೀಯೆಂದು ನಿಮ್ಮಮ್ಮ ಹೇಳಿದಳು. ಬೈಯುವುದಿಲ್ಲ ಕಣೋ. ಅಮೆರಿಕದವರ ಹಗಲೇ ನಿನ್ನ ಕೆಲಸದ ಹೊತ್ತಾಗಿರುವಾಗ ಎಂಟಕ್ಕೆ ಉಂಡು ಹತ್ತಕ್ಕೆ ಮಲಗು ಅಂದರೆ ಅದು ಆಗಹೋಗದ ಮಾತು. ಆಗುವಂಥದ್ದನ್ನೇ ಹೇಳುತ್ತೇನೆ, ಕೇಳು.

ನಿನ್ನ ಮೈಯಲ್ಲಿರುವ ಗಡಿಯಾರ ಒಂದೇ ಅಲ್ಲ. ಯಜಮಾನ ಗಡಿಯಾರ ಮಿದುಳಿನ ತಳದಲ್ಲಿದೆ, ಎರಡೂ ಕಣ್ಣಿನ ನರಗಳು ಸಂಧಿಸುವ ಜಾಗಕ್ಕೆ ತುಸು ಮೇಲೆ. ಸುಮಾರು 20,000 ನರಕೋಶಗಳ ಪುಟ್ಟ ಗುಂಪು. ಹೊರಗಿನ ಸುಳಿವು ಸಿಗದಿದ್ದರೆ ಬಹುಪಾಲು ಜನರಲ್ಲಿ ಅದು 24 ಗಂಟೆಗಿಂತ ಸ್ವಲ್ಪ ನಿಧಾನವಾಗಿ ಓಡುತ್ತದೆ. ದಿನದಿನವೂ ಅದನ್ನು ತಿದ್ದುವುದು ಬೆಳಕು. ರೆಟಿನಾದಲ್ಲಿ ಮೆಲನಾಪ್ಸಿನ್ ಎಂಬ ವರ್ಣಕವಿರುವ ಕೆಲವು ಕೋಶಗಳು ಈ ಕೆಲಸಕ್ಕೇ ಮೀಸಲು ಎನ್ನಬಹುದು. ಏನೂ ಕಾಣಿಸದ ಕೆಲವು ಅಂಧರಲ್ಲೂ ಈ ದಾರಿ ತೆರೆದೇ ಇರುತ್ತದೆ! ನಿದ್ದೆಗೆ ಮುಂಚಿನ ಬೆಳಕು ಗಡಿಯಾರವನ್ನು ಹಿಂದಕ್ಕೆಳೆಯುತ್ತದೆ, ಎದ್ದ ಮೇಲಿನ ಬೆಳಕು ಮುಂದಕ್ಕೆ ಒಯ್ಯುತ್ತದೆ.

ಲಿವರ್‌ನ ಗಡಿಯಾರ ಮಾತ್ರ ಊಟದ ಹೊತ್ತಿಗೂ ಬಗ್ಗುತ್ತದೆ. ಇಲಿಗಳು ರಾತ್ರಿ ತಿನ್ನುವ ಜೀವಿಗಳಲ್ಲವೇ? 2000ದಲ್ಲಿ ಜಿನೀವಾದ ಉಲಿ ಶಿಬ್ಲರ್ ತಂಡ ಅವಕ್ಕೆ ಹಗಲಲ್ಲಷ್ಟೇ ಆಹಾರ ಕೊಟ್ಟು ನೋಡಿತು. ಲಿವರ್‌ನ ಗಡಿಯಾರ ತಲೆಕೆಳಗಾಯಿತು, ಮಿದುಳಿನದು ಬೆಳಕನ್ನೇ ನೆಚ್ಚಿ ಇದ್ದಲ್ಲೇ ಉಳಿಯಿತು. ಒಂದೇ ಮೈಯಲ್ಲಿ ಎರಡು ಊರಿನ ಸಮಯ! ನಡುರಾತ್ರಿ ಉಂಡು ನೀನು ಮಾಡಿಕೊಳ್ಳುತ್ತಿರುವುದೂ ಇಂಥದ್ದನ್ನೇ ಎಂಬುದು ನನ್ನ ಆತಂಕ.

ಟೀಮಿನವರೆಲ್ಲ ಹೀಗೇ ಇದ್ದಾರೆ, ಒಗ್ಗಿಹೋಗಿದೆ ಅನ್ನುತ್ತೀಯಂತೆ. ಬಾವಲಿಯಾಗಿದ್ದರೆ ಒಪ್ಪುತ್ತಿದ್ದೆ. ಮುಂದೆ ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದ ವಿಜ್ಞಾನಿ ಎಂ.ಕೆ. ಚಂದ್ರಶೇಖರನ್ ಅವರು ಮದುರೆಯಲ್ಲಿದ್ದಾಗ ಸಂಗಡಿಗರೊಂದಿಗೆ ಮಾಡಿದ ಪ್ರಯೋಗವೊಂದಿದೆ. ಕಗ್ಗತ್ತಲ ಗುಹೆಯಲ್ಲಿ ಕೂಡಿಹಾಕಿದ್ದ ಬಾವಲಿಗಳು ಹೊರಗೆ ಹಾರಿಹೋಗಿ ಬರುವ ಬಳಗದ ಸಹವಾಸದಿಂದಲೇ ವೇಳೆ ಹೊಂದಿಸಿಕೊಂಡವು. ಎಷ್ಟು ಚೆಂದದ ಕೆಲಸ! ಆದರೆ ಮನುಷ್ಯನ ಗಡಿಯಾರಕ್ಕೆ ಗೆಳೆಯರಿಗಿಂತ ಬೆಳಕಿನ ಮಾತೇ ಹೆಚ್ಚು.

ಹಾಗಾಗಿ ದೊಡ್ಡ ಊಟವನ್ನು ಶಿಫ್ಟಿಗೆ ಹೊರಡುವ ಮುಂಚೆ ಸಂಜೆಯೇ ಮುಗಿಸು. ನಡುರಾತ್ರಿ ಹಸಿವಾದರೆ ಒಂದು ಲೋಟ ಮಜ್ಜಿಗೆ ಸಾಕು. 2021ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ, ರಾತ್ರಿಪಾಳಿಯ ಹಾಗೆ ಎಚ್ಚರವಿದ್ದು ಹಗಲಲ್ಲಷ್ಟೇ ಉಂಡವರ ರಕ್ತದ ಸಕ್ಕರೆ ಏರಲಿಲ್ಲ, ರಾತ್ರಿಯೂ ಉಂಡವರದು ಏರಿತು. ಮನೆಗೆ ಬಂದ ಮೇಲೆ ಸಣ್ಣ ದೀಪವೊಂದು ಉರಿಯಲಿ, ಫೋನು ಹಾಸಿಗೆಗೆ ಬರುವುದು ಬೇಡ, ಕಿಟಕಿಗೆ ದಪ್ಪ ಪರದೆ ಹಾಕಿಸು. ಎದ್ದೊಡನೆ ತಾರಸಿಗೆ ಹೋಗಿ ಅರ್ಧ ಗಂಟೆ ಓಡಾಡು. ಕೋಣೆಯ ದೀಪ ಕೆಲವು ನೂರು ಲಕ್ಸ್ ಅಷ್ಟೆ, ಮೋಡದ ದಿನದಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ರಜೆಯ ದಿನವೂ ಈ ಹೊತ್ತುಗಳನ್ನು ತೀರಾ ಕದಲಿಸಬೇಡ, ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಜರುಗೀತು.

ಇನ್ನೊಂದು. ಶಿಫ್ಟ್ ಬದಲಿಸುವಾಗ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ, ಈ ಕ್ರಮದಲ್ಲೇ ಹಾಕಿಕೊಡಿ ಎಂದು ನಿನ್ನ ಮ್ಯಾನೇಜರನ್ನು ಕೇಳು. ತಡವಾಗಿ ಮಲಗಲು ಮೈ ಒಪ್ಪುವಷ್ಟು ಸುಲಭವಾಗಿ ಬೇಗ ಮಲಗಲು ಒಪ್ಪದು. ಸಂಕೋಚ ಬೇಡಪ್ಪಾ, ಈ ವಾರವೇ ಕೇಳು.